ಹಿಂದಿನ ಸಾಲಿನಿಂದ ಶುರುವಾಗಲಿ ಆಯ್ಕೆ

ಹತ್ತು ಹದಿನೈದು ವರ್ಷ ಮನೆಮಂದಿಯನ್ನೆಲ್ಲ ಹೊತ್ತು ತಿರುಗಿದ ಇನ್ನೋವಾವನ್ನೋ ಎರ್ಟಿಗಾವನ್ನೋ ಎಕ್ಸ್‌ಚೇಂಜಿಗೆ ಕೊಟ್ಟು, ಮೂರು ಸಾಲು ಸೀಟಿನ ಎಸ್‌ಯುವಿ ತರೋಣ ಎಂಬ ಮಾತು ಈಗ ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ಆಸೆ ಸಹಜವಾದದ್ದೇ. ಸಫಾರಿ, ಎಕ್ಸ್‌ಯುವಿ700, ಸ್ಕಾರ್ಪಿಯೋ ಎನ್, ಅಲ್ಕಜಾರ್, ಕೈಗೆಟುಕಿದರೆ ಫಾರ್ಚೂನರ್: ಇವುಗಳ ನಿಲುವೇ ಬೇರೆ. ಎತ್ತರದ ಸೀಟು, ಅಗಲವಾದ ಬಾನೆಟ್, ದೊಡ್ಡ ಪರದೆ, ಸನ್‌ರೂಫ್. ಓಡಿಸುವವರಿಗೆ ಇವೆಲ್ಲ ಮೊದಲ ದಿನವೇ ಖುಷಿ ಕೊಡುತ್ತವೆ. ಆದರೆ ವ್ಯಾನಿನಂಥ ಗಾಡಿಯಿಂದ ಎಸ್‌ಯುವಿಗೆ ಹೋದಾಗ ಸಿಗುವುದರಲ್ಲಿ ಬಹುಪಾಲು ಗಾಡಿಯ ಮುಂಭಾಗದಲ್ಲಿ ಸಿಗುತ್ತದೆ. ಕೈತಪ್ಪಿ ಹೋಗುವುದು ಹಿಂಭಾಗದಲ್ಲಿ. ಶೋರೂಮಿನಲ್ಲಿ ತೀರ್ಮಾನ ಮಾಡುವವರು ಕೂರುವುದು ಸ್ಟೀರಿಂಗಿನ ಮುಂದೆ, ಆ ತೀರ್ಮಾನದ ಫಲ ಉಣ್ಣುವವರು ಕೂರುವುದು ಮೂರನೇ ಸಾಲಿನಲ್ಲಿ. ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ಮಕ್ಕಳು, ಇಲ್ಲವೇ "ನನಗೆ ಎಲ್ಲಾದ್ರೂ ಆಗುತ್ತೆ ಬಿಡಿ" ಎನ್ನುವ ಹಿರಿಯರು. ಆದ್ದರಿಂದ ಏಳು ಜನರ ಗಾಡಿಯನ್ನು ಕೊನೆಯ ಸಾಲಿನಿಂದ ಮುಂದಕ್ಕೆ ನೋಡುತ್ತ ಬರಬೇಕು ಎಂಬುದು ನನ್ನ ವಾದ.

ಈ ವಾದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಬಿಡದಿಯಲ್ಲೇ ಇದೆ. ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ, 2016ರಲ್ಲಿ ಇನ್ನೋವಾ ಕ್ರಿಸ್ಟಾ. ಅದೇ ಕಾರ್ಖಾನೆಯ ಫಾರ್ಚೂನರ್ ಕ್ರಿಸ್ಟಾದ ದಾಯಾದಿ. ಎರಡೂ ಒಂದೇ ಕುಟುಂಬದ ಲ್ಯಾಡರ್ ಫ್ರೇಮ್ ಚಾಸಿಯ ಮೇಲೆ ನಿಂತಿವೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಕ್ರಿಸ್ಟಾದಲ್ಲಿ 2,750 ಮಿ.ಮೀ., ಫಾರ್ಚೂನರಿನಲ್ಲಿ 2,745. ಒಟ್ಟು ಉದ್ದದಲ್ಲಿ 4,795 ಮಿ.ಮೀ. ಇರುವ ಫಾರ್ಚೂನರೇ 60 ಮಿ.ಮೀ. ಹೆಚ್ಚು. ಬೆಲೆಯಲ್ಲಂತೂ ಬಹಳ ಮುಂದೆ. ಆದರೂ ದೊಡ್ಡವರು ಮೂರನೇ ಸಾಲಿನಲ್ಲಿ ಮೂರು ತಾಸು ಕೂರಬೇಕಾದರೆ ಕ್ರಿಸ್ಟಾವೇ ವಾಸಿ. ಕಾರಣ ಸರಳ. ಕ್ರಿಸ್ಟಾವನ್ನು ಜನ ಕೂರುವುದಕ್ಕೆಂದು ರೂಪಿಸಲಾಗಿದೆ. ಫಾರ್ಚೂನರಿನಲ್ಲಿ ಉದ್ದದ ಬಾನೆಟ್ಟು ಒಂದಿಷ್ಟು ಜಾಗ ತಿಂದರೆ, ಕಲ್ಲುದಾರಿಯಲ್ಲಿ ಹೋಗಲೆಂದು ಎತ್ತರಿಸಿದ ಹಿಂಭಾಗ ಇನ್ನಷ್ಟನ್ನು ತಿನ್ನುತ್ತದೆ. ಹೊರಗಿನ ಗಾತ್ರ ನೋಡಿ ಒಳಗಿನ ಜಾಗವನ್ನು ಅಂದಾಜು ಮಾಡಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಮೂರನೇ ಸಾಲಿನ ಕಷ್ಟ ಎಲ್ಲಿದೆ ಎಂದರೆ, ಕಾಲು ಚಾಚುವ ಜಾಗಕ್ಕಿಂತ ಮಿಗಿಲಾಗಿ, ಕಾಲಿಡುವ ನೆಲದಲ್ಲಿದೆ. ಸೀಟಿನ ಕೆಳಗೆ ಆಕ್ಸಲ್, ಸ್ಪ್ರಿಂಗು, ಸ್ಟೆಪ್ನಿ, ಎಲ್ಲದಕ್ಕೂ ಜಾಗ ಬೇಕು. ಹಾಗಾಗಿ ನೆಲ ಮೇಲೆ ಬರುತ್ತದೆ. ಛಾವಣಿಯನ್ನು ಅಷ್ಟೇ ಮೇಲಕ್ಕೆ ಎತ್ತಲು ಆಗುವುದಿಲ್ಲ, ಎತ್ತಿದರೆ ಗಾಡಿ ವ್ಯಾನಿನ ಹಾಗೆ ಕಾಣುತ್ತದೆ. ನೆಲ ಮೇಲೆ ಬಂದು ಸೀಟು ಇದ್ದಲ್ಲೇ ಉಳಿದರೆ ಮಂಡಿ ಎದೆಯ ಕಡೆಗೆ ಏರುತ್ತದೆ, ತೊಡೆ ಸೀಟಿನ ಮೇಲೆ ಊರುವುದೇ ಇಲ್ಲ, ಮೈಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಊರೊಳಗೆ ಹತ್ತು ನಿಮಿಷಕ್ಕೆ ಇದು ಗೊತ್ತಾಗುವುದಿಲ್ಲ. ಬೆಂಗಳೂರಿನಿಂದ ಹೊರಟು ಚಾರ್ಮಾಡಿ ಇಳಿದು ಧರ್ಮಸ್ಥಳ ಮುಟ್ಟುವ ಹೊತ್ತಿಗೆ ಚೆನ್ನಾಗಿ ಗೊತ್ತಾಗುತ್ತದೆ. ಇದರ ಜೊತೆಗೆ ಈ ಸೀಟು ಹಿಂದಿನ ಚಕ್ರದ ಮೇಲೋ ಅದರ ಆಚೆಗೋ ಇರುವುದರಿಂದ ಪ್ರತಿ ಹಂಪಿನ ಎತ್ತುವಿಕೆ, ಪ್ರತಿ ತಿರುವಿನ ಓಲಾಟ ಅಲ್ಲಿ ಜಾಸ್ತಿ. ಎಸ್‌ಯುವಿಗಳ ಕಿಟಕಿಯ ಗೆರೆ ಹಿಂದಕ್ಕೆ ಹೋದಂತೆ ಮೇಲೇರಿ, ಕೊನೆಯಲ್ಲಿ ಒಂದು ಚಿಕ್ಕ ತ್ರಿಕೋನದ ಗಾಜು ಮಾತ್ರ ಉಳಿದಿರುತ್ತದೆ. ಅದು ತೆರೆಯುವುದೂ ಇಲ್ಲ. ಹೊರಗಿನ ರಸ್ತೆ ಕಾಣದೆ, ಗಾಳಿ ಬಾರದೆ, ಮೈ ಮಾತ್ರ ಅಲ್ಲಾಡುತ್ತಿದ್ದರೆ ಘಾಟಿಯಲ್ಲಿ ಮಕ್ಕಳಿಗೆ ವಾಂತಿ ಬರುವುದು ಸಹಜ. ವ್ಯಾನಿನ ಅಗಲವಾದ ಕಿಟಕಿಗೆ ಅಂದವಿಲ್ಲ ಎನ್ನುವವರು ಈ ಉಪಯೋಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಡಿಕ್ಕಿಯ ವಿಚಾರ. ಮೂರೂ ಸಾಲು ಎತ್ತಿಟ್ಟಾಗ ಅಲ್ಕಜಾರಿನ ಡಿಕ್ಕಿ 180 ಲೀಟರ್. 2021ರಲ್ಲಿ ಹೊಸದಾಗಿ ಬಂದ ಸಫಾರಿಗೆ ಹೇಳಿದ್ದ ಅಳತೆ ಬರೀ 73 ಲೀಟರ್. ಅವಕ್ಕಿಂತ ಗಾತ್ರದಲ್ಲಿ ಚಿಕ್ಕದಾದ ಎರ್ಟಿಗಾದಲ್ಲಿ 209, ಕಾರೆನ್ಸ್‌ನಲ್ಲಿ 216, ಇನ್ನೋವಾ ಹೈಕ್ರಾಸ್‌ನಲ್ಲಿ 300. ಒಂದು ಮಧ್ಯಮ ಗಾತ್ರದ ಸೂಟ್‌ಕೇಸಿಗೆ ಸುಮಾರು 65ರಿಂದ 70 ಲೀಟರ್ ಬೇಕು. ಅಂದರೆ ಏಳು ಜನ ಹೊರಟಾಗ ಹಲವು ಎಸ್‌ಯುವಿಗಳಲ್ಲಿ ಏಳು ಜನರ ಕೈಚೀಲಗಳಿಗೆ ಮಾತ್ರ ಜಾಗ. ಮದುವೆಗೆ ಎರಡು ದಿನದ ಬಟ್ಟೆ, ಒಡವೆಯ ಪೆಟ್ಟಿಗೆ, ವಾಪಸ್ ಬರುವಾಗ ತೆಂಗಿನಕಾಯಿ, ಅಕ್ಕಿಮೂಟೆ, ಉಪ್ಪಿನಕಾಯಿ ಭರಣಿ ಇದ್ದರೆ ಮೇಲೆ ಕ್ಯಾರಿಯರ್ ಹಾಕಿಸಬೇಕು. ಮೊದಲೇ ಎತ್ತರದ ಗಾಡಿಗೆ ತಲೆಯ ಮೇಲೆ ಭಾರ ಹೊರಿಸಿದರೆ ತಿರುವುಗಳಲ್ಲಿ ಅದು ಇನ್ನಷ್ಟು ವಾಲುತ್ತದೆ, ಮೈಲೇಜೂ ಇಳಿಯುತ್ತದೆ. ಇದು ನಮ್ಮ ದೇಶದ ಗಾಡಿಗಳ ದೋಷವೇನಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲೂ ಸಿಯೆನಾ ಕೊಟ್ಟು ಹೈಲ್ಯಾಂಡರ್ ತರುವ ಪ್ರಶ್ನೆ ಏಳುತ್ತದೆ. ಎರಡೂ ಟೊಯೋಟಾ ಗಾಡಿಗಳೇ. ಮೂರನೇ ಸಾಲಿನ ಹಿಂದೆ ಸಿಯೆನಾ ವ್ಯಾನಿನಲ್ಲಿ 33.5 ಘನ ಅಡಿ ಜಾಗವಿದೆ, ಹೈಲ್ಯಾಂಡರಿನಲ್ಲಿ 16. ಭಾರತದಿಂದ ಅಪ್ಪ ಅಮ್ಮ ನಾಲ್ಕು ದೊಡ್ಡ ಸೂಟ್‌ಕೇಸು ಹಿಡಿದು ಇಳಿದಾಗ ವಿಮಾನ ನಿಲ್ದಾಣದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಕೂರುವುದಕ್ಕೆ ಮೊದಲು ಹತ್ತಬೇಕಲ್ಲ, ಅದೂ ಒಂದು ಪರೀಕ್ಷೆ. ಮೂರನೇ ಸಾಲಿಗೆ ದಾರಿ ಎರಡೇ: ಎರಡನೇ ಸಾಲಿನ ಸೀಟನ್ನು ಮಗುಚಿ ಪಕ್ಕದಿಂದ ಹೋಗುವುದು, ಇಲ್ಲವೇ ಎರಡು ಕ್ಯಾಪ್ಟನ್ ಸೀಟುಗಳ ನಡುವಿನ ಸಂದಿಯಲ್ಲಿ ನುಸುಳುವುದು. ಎತ್ತರದ ಗಾಡಿಗೆ ಮೊದಲು ಫುಟ್‌ಬೋರ್ಡ್ ಹತ್ತಿ, ಆಮೇಲೆ ಬಗ್ಗಿ, ತಿರುಗಿ, ಹಿಂದಕ್ಕೆ ಸರಿಯಬೇಕು. ಸೀರೆ ಉಟ್ಟವರಿಗೆ, ಮಂಡಿನೋವಿದ್ದವರಿಗೆ ಇದು ಹಿಂಸೆ. ಚಿಕ್ಕ ಮಗುವಿರುವ ಮನೆಯವರು ಇನ್ನೊಂದನ್ನು ಗಮನಿಸಬೇಕು. ಮಗುವಿನ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಸಾಮಾನ್ಯವಾಗಿ ಎರಡನೇ ಸಾಲಿನ ಅಂಚಿನ ಸೀಟುಗಳಲ್ಲಿರುತ್ತದೆ. ಒಮ್ಮೆ ಅಲ್ಲಿ ಮಗುವಿನ ಸೀಟು ಕಟ್ಟಿದರೆ ಆ ಸೀಟನ್ನು ಮಗುಚುವಂತಿಲ್ಲ. ಎಷ್ಟೋ ಗಾಡಿಗಳಲ್ಲಿ ಪೂರ್ತಿ ಮಗುಚುವುದು ಎಡಗಡೆಯ ಸೀಟು ಮಾತ್ರ. ಮಗುವನ್ನು ಫುಟ್‌ಪಾತಿನ ಕಡೆಯಿಂದ ಹತ್ತಿಸುವುದು ಕ್ಷೇಮವೆಂದು ಎಡಗಡೆಯೇ ಕಟ್ಟಿದರೆ, ಅಜ್ಜಿ ತಾತನಿಗೆ ಹಿಂದಕ್ಕೆ ಹೋಗುವ ದಾರಿಯೇ ಮುಚ್ಚಿಹೋಯಿತು. ಇಂಥ ಮನೆಗೆ ಒಂದು ಸೀಟು ಕಡಿಮೆಯಾದರೂ ಕ್ಯಾಪ್ಟನ್ ಸೀಟಿನ ಆರು ಜನರ ಗಾಡಿಯೇ ಹೆಚ್ಚು ಉಪಯೋಗ. ಪಕ್ಕಕ್ಕೆ ಸರಿಯುವ ಬಾಗಿಲಿದ್ದರೆ ಹತ್ತಿಳಿಯುವುದು ಎಲ್ಲಕ್ಕಿಂತ ಸುಲಭ. ಓಮ್ನಿ, ಈಕೋಗಳಲ್ಲಿ ನಾವು ಕಂಡ ಆ ಬಾಗಿಲು ಈಗ ಕಾರ್ನಿವಲ್‌ನಂಥ ದುಬಾರಿ ಗಾಡಿಯಲ್ಲಿ ಸಿಗುತ್ತದೆಯೇ ಹೊರತು ಮಧ್ಯದ ಬೆಲೆಯಲ್ಲಿ ಸಿಗುವುದಿಲ್ಲ. ಇದು ಬೇಸರದ ಸಂಗತಿ.

ಇಷ್ಟಾದರೂ ಎಸ್‌ಯುವಿಯ ಪರ ನಿಲ್ಲುವವರ ಮಾತಿನಲ್ಲಿ ಹುರುಳಿದೆ. ಮೊದಲನೆಯದು ಸುರಕ್ಷತೆ. ಎಕ್ಸ್‌ಯುವಿ700 2021ರಲ್ಲೇ ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ಸ್ಟಾರ್ ಪಡೆಯಿತು. ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಾಗ ಮೊದಲು ಐದು ಸ್ಟಾರ್ ಪಡೆದವುಗಳಲ್ಲಿ ಸಫಾರಿಯೂ ಒಂದು. ಎರ್ಟಿಗಾ 2019ರಲ್ಲಿ, ಕಾರೆನ್ಸ್ 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಪಡೆದದ್ದು ಮೂರು ಸ್ಟಾರ್. ಕಡಿಮೆ ಬೆಲೆಯ ವ್ಯಾನುಗಳು ಇಲ್ಲಿ ಹಿಂದೆ ಬಿದ್ದದ್ದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 2025ರಲ್ಲಿ ಇನ್ನೋವಾ ಹೈಕ್ರಾಸ್ ಕೂಡ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಪಡೆದಿದೆ. ಸ್ಟಾರ್ ಬರುವುದು ಆ ಮಾದರಿಯನ್ನು ಕಟ್ಟಿದ ರೀತಿಯಿಂದ, ಎತ್ತರದಿಂದ ಅಲ್ಲ ಎಂಬುದು ಇದರಿಂದ ಸ್ಪಷ್ಟ. ಅದಕ್ಕಿಂತ ಮುಖ್ಯವಾದ ಇನ್ನೊಂದು ಅಂಶವಿದೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಂದಿನಿಂದ ಡಿಕ್ಕಿ ಹೊಡೆಸುವ ಈ ಪರೀಕ್ಷೆಯಲ್ಲಿ ದೊಡ್ಡವರ ಬೊಂಬೆಗಳನ್ನು ಮುಂದಿನ ಸೀಟಿನಲ್ಲಿ, ಮಕ್ಕಳ ಬೊಂಬೆಗಳನ್ನು ಎರಡನೇ ಸಾಲಿನಲ್ಲಿ ಕೂರಿಸುತ್ತಾರೆ. ಮೂರನೇ ಸಾಲಿನಲ್ಲಿ ಯಾರನ್ನೂ ಕೂರಿಸುವುದಿಲ್ಲ. ಹಿಂದಿನಿಂದ ಲಾರಿ ಗುದ್ದಿದರೆ ಏನಾಗುತ್ತದೆ ಎಂಬುದಕ್ಕೂ ಆ ಸ್ಟಾರ್‌ಗಳಲ್ಲಿ ಉತ್ತರವಿಲ್ಲ. ಹಾಗಾಗಿ ಸ್ಟಾರ್ ನೋಡಿ, ಆಮೇಲೆ ಹಿಂದೆ ಹೋಗಿ ನೀವೇ ನೋಡಿ: ಕೊನೆಯ ಸಾಲಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯೇ, ತಲೆಗೆ ಆನಿಸುವ ಹೆಡ್‌ರೆಸ್ಟ್ ಸಾಕಷ್ಟು ಮೇಲೆ ಬರುತ್ತದೆಯೇ, ಕಿಟಕಿಯ ಮೇಲಿನ ಕರ್ಟನ್ ಏರ್‌ಬ್ಯಾಗ್ ಅಲ್ಲಿಯವರೆಗೆ ಚಾಚುತ್ತದೆಯೇ, ಕೂತವರ ತಲೆಗೂ ಹಿಂಬಾಗಿಲಿನ ಗಾಜಿಗೂ ನಡುವೆ ಎಷ್ಟು ಅಂತರವಿದೆ. ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕೆಂದು ಕಾನೂನು ಹೇಳುತ್ತದೆ. ಮೂರನೇ ಸಾಲಿನ ಮಕ್ಕಳಿಗೆ ಅದರಿಂದ ವಿನಾಯಿತಿ ಇಲ್ಲ.

ಎರಡನೆಯ ಆಕ್ಷೇಪ ನಮ್ಮ ರಸ್ತೆಗಳದ್ದು. ಮಲೆನಾಡಿನ ತೋಟದ ದಾರಿ, ಮಳೆಗಾಲದ ಕೆಸರು, ಊರೂರಿನ ಹಂಪುಗಳಿಗೆ ಎಸ್‌ಯುವಿಯೇ ಬೇಕು ಎನ್ನುತ್ತಾರೆ. ಪ್ರತಿವಾರ ಅಂಥ ದಾರಿಯಲ್ಲಿ ಹೋಗಿ ಬರುವವರಿಗೆ ಈ ಮಾತು ಒಪ್ಪತಕ್ಕದ್ದೇ. ಅವರಿಗೆ ಲ್ಯಾಡರ್ ಫ್ರೇಮಿನ ಸ್ಕಾರ್ಪಿಯೋ ಎನ್‌ನಂಥ ಗಾಡಿ, ಅದರಲ್ಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿ, ನಿಜವಾದ ಸಹಾಯ. ಆದರೆ ಮಾರಾಟವಾಗುವ ಎಸ್‌ಯುವಿಗಳಲ್ಲಿ ಬಹಳಷ್ಟು ಮುಂದಿನ ಎರಡು ಚಕ್ರದಿಂದಲೇ ಓಡುವಂಥವು. ಸಫಾರಿ ಮತ್ತು ಅಲ್ಕಜಾರ್‌ಗಳಿಗೆ ನಾಲ್ಕು ಚಕ್ರದ ವ್ಯವಸ್ಥೆಯೇ ಇಲ್ಲ. ಕೆಸರಿನಲ್ಲಿ ಅವು ಇನ್ನೋವಾ ಹೈಕ್ರಾಸ್‌ಗಿಂತ ಬಹಳ ಬೇರೆಯಾಗಿ ನಡೆದುಕೊಳ್ಳುವುದಿಲ್ಲ. ನೆಲದಿಂದ ಎತ್ತರದ ಮಾತಿಗೆ ಬಂದರೆ, ಇದನ್ನು ತೆರಿಗೆಯವರೂ ಗಮನಿಸಿದ್ದಾರೆ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ, ಉದ್ದ 4 ಮೀಟರ್ ದಾಟಿ, ಎಂಜಿನ್ 1,500 ಸಿಸಿ ದಾಟಿ, ಖಾಲಿ ಇದ್ದಾಗ ನೆಲದಿಂದ 170 ಮಿ.ಮೀ. ಎತ್ತರವಿದ್ದರೆ ಯುಟಿಲಿಟಿ ಗಾಡಿಯನ್ನು ಯಾವ ಹೆಸರಿನಿಂದ ಕರೆದರೂ ಸೆಸ್ ಒಂದೇ ಎಂದು ತೀರ್ಮಾನಿಸಿತ್ತು. 2025ರ ಸೆಪ್ಟೆಂಬರ್ 22ರಿಂದ ಆ ಸೆಸ್ ಹೋಗಿ ದೊಡ್ಡ ಗಾಡಿಗಳಿಗೆ ಶೇ. 40 ತೆರಿಗೆ ಬಂದಿದೆ. ಆ ತೀರ್ಮಾನದಲ್ಲಿದ್ದ "ಖಾಲಿ ಇದ್ದಾಗ" ಎಂಬುದು ನಮಗೂ ಮುಖ್ಯ. ತಲಾ 65 ಕೆ.ಜಿ. ಹಿಡಿದರೂ ಏಳು ಜನರ ತೂಕ 455 ಕೆ.ಜಿ., ಅದರ ಮೇಲೆ ಸಾಮಾನು. ಅಷ್ಟು ಹೇರಿದಾಗ ಯಾವ ಗಾಡಿಯ ಹಿಂಭಾಗವಾದರೂ ಕೆಳಗಿಳಿಯುತ್ತದೆ. ಪೂರ್ತಿ ಜನ ತುಂಬಿದಾಗ ಟೈರಿಗೆ ಎಷ್ಟು ಗಾಳಿ ಹಾಕಬೇಕೆಂದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಅದನ್ನು ಪಾಲಿಸಿ.

ಮೂರನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ: ದುಡ್ಡು. ಹೈಬ್ರಿಡ್ ಹೈಕ್ರಾಸ್ ಲೀಟರಿಗೆ 23.24 ಕಿ.ಮೀ. ಕೊಡುತ್ತದೆಂದು ಕಂಪನಿ ಹೇಳಿದರೂ, ಅದು ನಮ್ಮ ರಾಜ್ಯದಲ್ಲಿ ರಸ್ತೆಗಿಳಿಯುವ ಹೊತ್ತಿಗೆ 30 ಲಕ್ಷ ದಾಟುತ್ತದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆಯೇ ಶೇ. 18, ಅದರ ಮೇಲೆ ಸೆಸ್ ಬೇರೆ. ಹೈಕ್ರಾಸ್‌ಗಿಂತ ಕಡಿಮೆ ಹಣಕ್ಕೆ ಸಫಾರಿಯಂಥ ಎಸ್‌ಯುವಿಯ ಒಳ್ಳೆಯ ಮಾದರಿಗಳು ಸಿಗುವಾಗ ಜನ ಅತ್ತ ವಾಲಿದರೆ ತಪ್ಪೇನಿಲ್ಲ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಮೂರನೇ ಸಾಲು ವರ್ಷದಲ್ಲಿ ಎಷ್ಟು ಸಲ, ಯಾರಿಗಾಗಿ ಬೇಕು? ಮನೆಯಲ್ಲಿ ಇರುವವರು ನಾಲ್ಕೈದು ಜನ, ಹಬ್ಬಕ್ಕೊಮ್ಮೆ ಊರೊಳಗೆ ಓಡಾಡಲು ಇಬ್ಬರು ಮಕ್ಕಳು ಹಿಂದೆ ಕೂರುತ್ತಾರೆ ಎಂದಾದರೆ ಎಸ್‌ಯುವಿ ಧಾರಾಳವಾಗಿ ಸಾಕು; ಮೂರನೇ ಸಾಲು ಮಡಚಿದರೆ ಡಿಕ್ಕಿಯೂ ದೊಡ್ಡದಾಗುತ್ತದೆ. ಅಜ್ಜಿ ತಾತ ಸೇರಿ ಆರೇಳು ಜನ ತಿಂಗಳಿಗೊಮ್ಮೆಯಾದರೂ ದೂರ ಹೋಗುವ ಮನೆಯಾದರೆ ಎಸ್‌ಯುವಿ ಬೇಡ. ಅಂಥವರು ಹೈಕ್ರಾಸ್ ಆಗದಿದ್ದರೆ ಕ್ರಿಸ್ಟಾ, ಅದೂ ಆಗದಿದ್ದರೆ ಕಾರೆನ್ಸ್‌ನಂಥ ಗಾಡಿಯ ಹೆಚ್ಚು ಏರ್‌ಬ್ಯಾಗಿರುವ ಮಾದರಿಯನ್ನು ನೋಡಲಿ. ಹಳೆಯ ವ್ಯಾನು ಇನ್ನೂ ಗಟ್ಟಿಮುಟ್ಟಾಗಿದ್ದರೆ ಎರಡು ವರ್ಷ ಮುಂದೂಡುವುದೂ ಒಂದು ಆಯ್ಕೆಯೇ.

ಏನೇ ಕೊಳ್ಳಲಿ, ಟೆಸ್ಟ್ ಡ್ರೈವಿಗೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಎರಡು ಸೂಟ್‌ಕೇಸನ್ನೂ ಒಯ್ಯಿರಿ. ಮೊದಲು ಓಡಿಸುವವರು ತಮ್ಮ ಸೀಟು ಸರಿಮಾಡಿಕೊಳ್ಳಲಿ, ಅವರ ಹಿಂದೆ ಎತ್ತರದವರೊಬ್ಬರು ಆರಾಮಾಗಿ ಕೂರಲಿ, ಆಮೇಲೆ ಉಳಿದ ಜಾಗದಲ್ಲಿ ಮೂರನೇ ಸಾಲಿನವರು ಕೂರಲಿ. ಮಧ್ಯದ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ "ನೋಡಿ ಎಷ್ಟು ಜಾಗ" ಎಂದು ತೋರಿಸಿದರೆ ಒಪ್ಪಬೇಡಿ. ಎ.ಸಿ. ಗಾಳಿ ಹಿಂದಕ್ಕೆ ಬರುತ್ತದೆಯೇ, ಹಂಪು ಹಾರಿದಾಗ ತಲೆ ತಗಲುತ್ತದೆಯೇ ಎಂದು ಅರ್ಧ ಗಂಟೆ ಓಡಿಸಿ ನೋಡಿ. ಇಳಿದ ಮೇಲೆ ಅಭಿಪ್ರಾಯವನ್ನು ಮೊದಲು ಕೇಳಬೇಕಾದದ್ದು ಕೊನೆಯ ಸಾಲಿನಲ್ಲಿ ಕೂತಿದ್ದವರನ್ನು. ಅವರು ಬೇಡ ಎಂದರೆ ಆ ಗಾಡಿಗೆ ಮುಂಗಡ ಕೊಡಬೇಡಿ.