ರೈಟ್ ಸಹೋದರರೂ ಆನೇಕಲ್ಲಿನ ವಿಮಾನವೂ

ರೈಟ್ ಸಹೋದರರು ಮೊದಲು ವಿಮಾನ ಹಾರಿಸಿದ ದಿನ, ಡಿಸೆಂಬರ್ 17, ಹತ್ತಿರ ಬಂತೆಂದರೆ ಮೊಬೈಲಿನಲ್ಲಿ ಒಂದು ಸಂದೇಶದ ಓಡಾಟ ಶುರು. ಅವರಿಗಿಂತ ಎಂಟು ವರ್ಷ ಮೊದಲೇ, 1895ರಲ್ಲಿ, ಶಿವಕರ ತಳಪದೆ ಎಂಬವರು ಮುಂಬೈನ ಚೌಪಾಟಿಯಲ್ಲಿ ವಿಮಾನ ಹಾರಿಸಿದರಂತೆ. ಅದೂ ವೇದಕಾಲದ್ದೆನ್ನಲಾಗುವ 'ವೈಮಾನಿಕ ಶಾಸ್ತ್ರ' ಗ್ರಂಥ ಓದಿಕೊಂಡು! ಗ್ರಂಥದ ಮೂಲ ನಮ್ಮ ಆನೇಕಲ್ಲಾದ್ದರಿಂದ ಕನ್ನಡಿಗರಿಗೆ ಈ ಕಥೆಯ ಮೇಲೆ ತುಸು ಹೆಚ್ಚೇ ಮಮಕಾರ.

ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಆ ಶ್ಲೋಕಗಳನ್ನು ಹೇಳಿ ಬರೆಸಿದ್ದು 1918ರಿಂದ 1923ರ ನಡುವೆ. ತಳಪದೆ ಹಾರಾಟಕ್ಕೂ ನಂಬುವಂಥ ಸಮಕಾಲೀನ ದಾಖಲೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು 1974ರಲ್ಲಿ ಗ್ರಂಥವನ್ನು ಸಾವಧಾನವಾಗಿ ಪರೀಕ್ಷಿಸಿದರು. ಭಾಷೆ ವೇದಕಾಲದ್ದಲ್ಲ, ರಚನೆ 1904ಕ್ಕಿಂತ ಹಿಂದಿನದಲ್ಲ ಎಂದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂದು ಅದು ವರ್ಣಿಸುವ ನಾಲ್ಕು ವಿಮಾನಗಳಲ್ಲಿ ಒಂದಕ್ಕೂ ಹಾರುವ ಲಕ್ಷಣ ಕಾಣಲಿಲ್ಲ.

ಹಾಗಂತ ರೈಟ್ ಸಹೋದರರ ಬಗ್ಗೆ ನಾವು ಶಾಲೆಯಲ್ಲಿ ಕೇಳಿದ್ದೆಲ್ಲ ಸರಿಯೂ ಅಲ್ಲ. ಸೈಕಲ್ ಅಂಗಡಿಯವರಿಬ್ಬರು ಅದೂ ಇದೂ ಜೋಡಿಸಿದರು, ಅದೃಷ್ಟಕ್ಕೆ ಹಾರಿತು ಎಂಬ ಧಾಟಿಯ ಪಾಠ ಅದು. ನಿಜಕ್ಕೂ 1901ರ ಅವರ ಗ್ಲೈಡರು ಲೆಕ್ಕಕ್ಕಿಂತ ತೀರಾ ಕಡಿಮೆ ಭಾರ ಎತ್ತಿತು. ಆಗ ಅವರು ರೆಕ್ಕೆ ಎತ್ತುವ ಬಲದ ಹಳೆಯ ಕೋಷ್ಟಕಗಳನ್ನೇ ಅನುಮಾನಿಸಿದರು. ಆರಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ತುದಿಗೆ ಫ್ಯಾನು ಕೂರಿಸಿ ಒಳಗೆ ಗಾಳಿ ಹರಿಸಿದರು; ಅದೇ ಅವರ ಗಾಳಿ ಸುರಂಗ. ಗರಗಸದ ಬ್ಲೇಡು, ಸೈಕಲ್ ಕಡ್ಡಿಗಳಿಂದ ಪುಟ್ಟ ತಕ್ಕಡಿ ಹೂಡಿ ಸುಮಾರು 200 ಬಗೆಯ ರೆಕ್ಕೆಮಾದರಿಗಳನ್ನು ಪರೀಕ್ಷಿಸಿದರು. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರದಲ್ಲಿ 2022ರಲ್ಲಿ ಚಾಲನೆಗೊಂಡ ಗಾಳಿ ಸುರಂಗ ಸುಮಾರು 160 ಮೀಟರ್ ಉದ್ದವಿದೆ. ಅದರ ಕೆಲಸವೂ ಮೂಲತಃ ಇದೇ: ಮಾದರಿಯನ್ನು ನಿಲ್ಲಿಸಿ, ಗಾಳಿ ಬಿಟ್ಟು, ಬಲ ಅಳೆಯುವುದು.

ಮನುಷ್ಯನನ್ನು ಮೊದಲು ಗಾಳಿಗೇರಿಸಿದವರು ರೈಟ್ ಸಹೋದರರು ಎಂಬುದಂತೂ ಶುದ್ಧ ತಪ್ಪು. ಫ್ರಾನ್ಸಿನ ಮಾಂಗೊಲ್ಫಿಯೇ ಸಹೋದರರ ಬಲೂನು 1783ರಲ್ಲೇ ಆ ಕೆಲಸ ಮಾಡಿತ್ತು. ಜರ್ಮನಿಯ ಲಿಲಿಯೆಂಥಾಲ್ ಗ್ಲೈಡರಿನಲ್ಲಿ ಸಾವಿರಾರು ಸಲ ಜಾರಿ ಹಾರಿದ್ದ. 1896ರಲ್ಲಿ ಹಾಗೆ ಹಾರುವಾಗಲೇ ಬಿದ್ದು ಸತ್ತ. ಮೇಲೇರುವುದಕ್ಕಿಂತ ಮೇಲೆ ಹೋದ ಮೇಲೆ ಹತೋಟಿಯಲ್ಲಿಡುವುದೇ ಕಷ್ಟವಾಗಿತ್ತು. ರೈಟ್ ಸಹೋದರರು ಹಿಡಿದದ್ದು ಆ ಗಂಟನ್ನು. 1903ರ ಮೊದಲ ಹಾರಾಟ ಬರೀ 12 ಸೆಕೆಂಡು, 120 ಅಡಿ. 1905ರ ಅಕ್ಟೋಬರ್ 5ರಂದು ಅವರಲ್ಲೊಬ್ಬನಾದ ವಿಲ್ಬರ್, ತಮ್ಮೂರು ಡೇಟನ್ ಸಮೀಪದ ಹುಲ್ಲುಗಾವಲಿನ ಮೇಲೆ ಸುತ್ತು ಹಾಕುತ್ತ 39 ನಿಮಿಷ ಹಾರಿದ. 1906ರಲ್ಲಿ ಸಿಕ್ಕ ಪೇಟೆಂಟಿನಲ್ಲೂ ಅವರು ಹಕ್ಕು ಕೇಳಿದ್ದು ಎಂಜಿನ್ನಿಗಲ್ಲ, ರೆಕ್ಕೆ ತಿರುಚಿ ಚುಕ್ಕಾಣಿ ಜೊತೆಗೂಡಿಸಿ ವಿಮಾನ ನಡೆಸುವ ವಿಧಾನಕ್ಕೆ.