ಸೆರೆಮನೆ ಕಸಿಯಲಾರದ ಸಂಪತ್ತು

ಬೆಳಗಾವಿಯಿಂದ ಖಾನಾಪುರಕ್ಕೆ ಬಂದು, ಅಲ್ಲಿಂದ ಮುಂದೆ ಸಾಗಿದರೆ ನಂದಗಡ ಸಿಗುತ್ತದೆ. ಕಿತ್ತೂರಿನ ವೀರ ಸಂಗೊಳ್ಳಿ ರಾಯಣ್ಣನನ್ನು ಆಂಗ್ಲರು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇಲ್ಲಿಯೇ. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಜನ ಇಂದಿಗೂ ಹರಕೆ ಹೊತ್ತು ಬರುತ್ತಾರೆ. ಅರಸೊತ್ತಿಗೆ ಅಳಿಯಿತು, ಕೊಂದವರ ಸಾಮ್ರಾಜ್ಯವೂ ಅಳಿಯಿತು. ಡಪ್ಪು ಬಾರಿಸಿ ಹಾಡುವ ಲಾವಣಿಕಾರನ ಕಂಠದಲ್ಲಿ ರಾಯಣ್ಣ ಮಾತ್ರ ಉಳಿದುಕೊಂಡ.

ಲಾವಣಿಗೆ ಖಡ್ಗ ಬೇಕು, ಕಾಡು ಬೇಕು, ಕಡೆಗೆ ನೇಣುಗಂಬವೂ ಬೇಕು. ಆದರೆ ಖಡ್ಗವನ್ನು ಕಸಿದುಕೊಂಡು, ಹೆಸರಿನ ಬದಲು ಅಂಕಿಯೊಂದನ್ನು ಕೊಟ್ಟು, ವರ್ಷಗಟ್ಟಲೆ ಗೋಡೆಯೊಳಗೆ ಕೂಡಿಟ್ಟಾಗ ಶೌರ್ಯವು ಯಾವ ರೂಪ ತಾಳುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟದ್ದು ಕಾದಂಬರಿ.

ಒಂದೇ ಘೋಷಣೆ, ಬೇರೆ ತಟ್ಟೆ

ಬೆಳಗಾವಿಯ ಅಂಚಿನಲ್ಲಿರುವ ಹಿಂಡಲಗಾ ಕಾರಾಗೃಹವು ಸ್ವಾತಂತ್ರ್ಯ ಹೋರಾಟದ ಅನೇಕ ಬಂದಿಗಳನ್ನು ಕಂಡಿದೆ. ಆ ಕಾಲದ ಸೆರೆಮನೆಗಳಲ್ಲಿ ಬಂದಿಗಳನ್ನು ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸುತ್ತಿದ್ದರು. ವಿದ್ಯೆ, ಅಂತಸ್ತುಗಳಿದ್ದವರಿಗೆ ಮೇಲಿನ ವರ್ಗ. ಹಳ್ಳಿಯ ರೈತನಿಗೆ, ಕೂಲಿಗೆ ಸಾಮಾನ್ಯವಾಗಿ ‘ಸಿ’ ವರ್ಗ. ಒಂದೇ ಘೋಷಣೆ ಕೂಗಿ ಒಳಗೆ ಬಂದವರಿಗೆ ಊಟದ ತಟ್ಟೆ ಮಾತ್ರ ಬೇರೆ!

1933ರಲ್ಲಿ ಮತ್ತೆ ಬಂಧಿತರಾದ ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿಯವರು ಬೆಳಗಾವಿಯ ಸೆರೆವಾಸದಲ್ಲಿ, ಗಾಂಧೀಜಿಯವರ ಗೀತಾವ್ಯಾಖ್ಯಾನವನ್ನು ಇಂಗ್ಲಿಷಿಗೆ ತರುವ ಕಾರ್ಯದಲ್ಲಿ ಮಗ್ನರಾದರು. ಪಂಡಿತನಿಗೆ ಗ್ರಂಥವೇ ಆಸರೆ. ಅಕ್ಷರವರಿಯದ ಬಂದಿಗೆ ಆಸರೆ ಯಾವುದು?

ಹೆಸರಿಲ್ಲದವರ ಕಥೆ

ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಜನಿಸಿದ ಬಸವರಾಜ ಕಟ್ಟೀಮನಿಯವರು ಸ್ವತಃ ಸೆರೆಮನೆಯನ್ನು ಕಂಡುಬಂದ ಲೇಖಕರು. 1942ರ ಚಳವಳಿಯನ್ನು ಕುರಿತ ತಮ್ಮ ಕಾದಂಬರಿಗೆ ಅವರು ಇಟ್ಟ ಹೆಸರು ‘ಮಾಡಿ ಮಡಿದವರು’. ಆ ಹೆಸರಿನಲ್ಲಿ ಒಬ್ಬ ನಾಯಕನಿಲ್ಲ; ಬಹುವಚನವಿದೆ. ಲಾವಣಿಯು ಒಬ್ಬನಿಗೆ ಸಲ್ಲಿಸಿದ ಗೌರವವನ್ನು ಕಾದಂಬರಿಯು ಹೆಸರಿಲ್ಲದ ಹಲವರಿಗೆ ಹಂಚಿತು.

ಕನ್ನಡದ ಇನ್ನೊಂದು ಗಡಿಯಾದ ಕಾಸರಗೋಡಿನ ಕಯ್ಯೂರಿನಿಂದಲೂ ಇಂಥ ಕೃತಿಯೊಂದು ಬಂದಿತು. ಅಲ್ಲಿಯ ರೈತ ಹೋರಾಟದ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಐದನೆಯವನು ಎಳೆಯ ವಯಸ್ಸಿನ ಕಾರಣ ನೇಣಿನಿಂದ ಪಾರಾದ. ನಿರಂಜನರ ‘ಚಿರಸ್ಮರಣೆ’ಗೆ ಈ ಘಟನೆಯೇ ವಸ್ತು. ಮಣ್ಣಿನ ಮಕ್ಕಳು ಅಕ್ಷರ ಕಲಿತು, ತಲೆಯೆತ್ತಿ, ಆ ಎತ್ತಿದ ತಲೆಯನ್ನೇ ನೇಣಿಗೆ ಒಡ್ಡಿದ ಕಥೆಯದು.

ಟೋಪಿ ತೆಗೆದು ಉಂಡವನು

ಸೆರೆಶಿಬಿರದ ಸಾಹಿತ್ಯದಲ್ಲಿ ಜಗತ್ಪ್ರಸಿದ್ಧವಾದುದು 1962ರಲ್ಲಿ ಪ್ರಕಟವಾದ ರಷ್ಯದ ಸೋಲ್ಜೆನಿತ್ಸಿನ್ ಅವರ ಕಿರುಕಾದಂಬರಿ. ಇವಾನ್ ಡೆನಿಸೊವಿಚ್ ಎಂಬ ಬಂದಿಯ ಒಂದೇ ಒಂದು ದಿನ ಅದರ ವಸ್ತು. ಅಲ್ಲಿ ನೇಣಿಲ್ಲ, ದಂಗೆಯಿಲ್ಲ. ಕೊರೆಯುವ ಚಳಿಯಲ್ಲೂ ಅವನು ಉಣ್ಣುವ ಮುನ್ನ ಟೋಪಿ ತೆಗೆಯುತ್ತಾನೆ. ಕೆಲಸ ನಿಲ್ಲಿಸುವ ಸೂಚನೆ ಬಂದ ಮೇಲೂ, ಕಲಸಿದ ಗಾರೆ ಹಾಳಾಗದಿರಲೆಂದು ಗೋಡೆ ಕಟ್ಟುತ್ತಾನೆ. ದುಡಿಮೆ ಬಲವಂತದ್ದು, ಗೋಡೆ ನೆಟ್ಟಗಿರಬೇಕೆಂಬ ಹಟ ಮಾತ್ರ ಅವನದೇ.

ರಾಯಣ್ಣನೆಲ್ಲಿ, ಈ ಗಾರೆಯವನೆಲ್ಲಿ ಎಂದು ವಾಚಕರು ಕೇಳಬಹುದು. ಒಬ್ಬ ಸಾಮ್ರಾಜ್ಯವನ್ನೇ ಎದುರಿಸಿದ. ಇನ್ನೊಬ್ಬ ತನ್ನ ತಟ್ಟೆಯ ಮುಂದೆ ಮಾನವಂತನಾಗಿ ಕುಳಿತ. ತನ್ನನ್ನು ಸೆರೆಹಿಡಿದವರು ಕಟ್ಟಿದ ಬೆಲೆಯನ್ನು ಇಬ್ಬರೂ ಒಪ್ಪಲಿಲ್ಲ. ರಾಯಣ್ಣನಂಥವರು ಶತಮಾನಕ್ಕೊಬ್ಬರು ಹುಟ್ಟಿಯಾರು. ಉಣ್ಣುವ ಮುನ್ನ ಟೋಪಿ ತೆಗೆಯುವ ಧೈರ್ಯವಾದರೋ ಯಾರಿಗೂ ಎಟುಕುವಂಥದು. ಮಕ್ಕಳಿಗೆ ನಂದಗಡದ ಕಥೆ ಹೇಳುವ ಮನೆಗಳಲ್ಲಿ ಈ ಎರಡನೆಯ ಕಥೆಗೂ ಒಂದು ಸಂಜೆ ಮೀಸಲಾಗಲಿ.