ಊರನ್ನು ಬಲ್ಲವರ ಉದ್ಯೋಗ

ಪರಸ್ಥಳದಿಂದ ಪ್ರವಾಸಿಗರು ಬರಲಿ, ಚಿತ್ರಪಟ ತೆಗೆಯುವವರು ಬರಲಿ, ಅವರಿಗೆ ಮೊದಲು ಬೇಕಾಗುವವರು ಊರನ್ನು ಬಲ್ಲವರು. ತಕ್ಕ ಸ್ಥಳವನ್ನು ತೋರಿಸುವುದು, ಪಂಚಾಯತಿಯ ಹಾಗೂ ಹೊಲದೊಡೆಯರ ಒಪ್ಪಿಗೆ ಪಡೆಯುವುದು, ಊಟ, ವಸತಿ, ವಾಹನಗಳನ್ನು ಒದಗಿಸುವುದು, ಊರ ಮಾತನ್ನು ತಿಳಿಸಿಕೊಡುವುದು ಇವೆಲ್ಲ ಈ ಉದ್ಯೋಗದ ಅಂಗಗಳು.

1980ರ ದಶಕದಲ್ಲಿ ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಮಾಲಿಕೆಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದಾಗ ಅಲ್ಲಿಯ ದೊಡ್ಡಮನೆಯೂ ಬೀದಿಗಳೂ ಮಾಲ್ಗುಡಿಯಾದವು. ಅದರಲ್ಲಿ ಕಾಣುವ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವು 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಹೀಗೆ ಚಿತ್ರದ ಬೆನ್ನಿಗೆ ಪ್ರವಾಸವೂ ಬರುತ್ತದೆ. ನಮ್ಮ ಜಿಲ್ಲೆಯವರೇ ಆದ ನಾಗರಾಜ ಮಂಜುಳೆಯವರು ‘ಸೈರಾಟ್’ (2016) ಚಿತ್ರದ ಹಲವು ದೃಶ್ಯಗಳನ್ನು ಕರಮಾಳೆ ತಾಲೂಕಿನಲ್ಲಿ ತೆಗೆದರು. ಅದರ ನಾಯಕಿ ಅಕಲೂಜಿನ ಶಾಲಾಬಾಲಿಕೆಯಾಗಿದ್ದಳು.

ನಮ್ಮ ಕುಂಭಾರಿಯು ಸೊಲ್ಲಾಪುರ-ಅಕ್ಕಲಕೋಟ ದಾರಿಯಲ್ಲಿದೆ. ಒಂದು ಕಡೆ ಸ್ವಾಮಿ ಸಮರ್ಥರ ಕ್ಷೇತ್ರ. ಇನ್ನೊಂದು ಕಡೆ, ಕೆರೆಯ ನಡುವೆ, 12ನೆಯ ಶತಮಾನದ ಸಿದ್ಧರಾಮರ ಗುಡಿ. ಆ ಶರಣರು ವಚನಗಳನ್ನು ನುಡಿದದ್ದು ಕನ್ನಡದಲ್ಲಿ. ಅವನ್ನು ಓದಿ, ಅರ್ಥವನ್ನು ಅತಿಥಿಗೆ ಮರಾಠಿಯಲ್ಲಿ ಹೇಳಬಲ್ಲವರು ಯಾರು? ಎರಡೂ ನುಡಿ ಬಲ್ಲ ನಮ್ಮ ಮಕ್ಕಳೇ. ಕನ್ನಡ ಕಲಿತು ಪ್ರಯೋಜನವೇನೆಂದು ಕೇಳುವ ಪಾಲಕರು ಇದನ್ನು ಗಮನಿಸಬೇಕು.

ಆದರೆ ಬಾಡಿಗೆ, ಕೂಲಿಗಳನ್ನು ಮೊದಲೇ ಬರೆದು ಗೊತ್ತುಪಡಿಸಬೇಕು. ತುಳಿದ ಬೆಳೆಗೆ ಪರಿಹಾರ ಕೊಡಿಸಬೇಕು. ಗುಡಿಯ ಮರ್ಯಾದೆಯನ್ನು ಕಾಯಬೇಕು. ಇಲ್ಲವಾದರೆ ಲಾಭ ಹೊರಗಿನವರಿಗೆ, ಧೂಳು ಊರಿಗೆ.

ವಿದ್ಯಾರ್ಥಿಗಳೇ, ಊರ ಹಿರಿಯರನ್ನು ಕಂಡು ಕೆರೆ, ಬಾವಿ, ಜಾತ್ರೆಗಳ ವೃತ್ತಾಂತವನ್ನು ಇಂದೇ ಬರೆದಿಡಿರಿ. ತನ್ನೂರನ್ನು ತಾನರಿಯದವನು ಪರರಿಗೆ ಏನನ್ನು ತೋರಿಸಿಯಾನು?